ತಗಡಿನ ಶೆಡ್ಡಿಗೆ ತಂಪು ಬಂದ ದಾರಿ

ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿ ಹೊಸ ಕಾರ್ಖಾನೆ ಏಳುವುದಕ್ಕಿಂತ ಮೊದಲು ತಗಡಿನ ಶೆಡ್ಡುಗಳ ಸಾಲೊಂದು ಏಳುತ್ತದೆ. ಕಟ್ಟುವ ಕೆಲಸಕ್ಕೆ ಬಂದ ಕುಟುಂಬಗಳು ಇರುವುದು ಅಲ್ಲಿ. ಹತ್ತಡಿ ಉದ್ದ, ಹತ್ತಡಿ ಅಗಲ, ಎಂಟಡಿ ಎತ್ತರ. ಸುತ್ತಲೂ ಪತ್ರಾಸು, ಮೇಲೂ ಪತ್ರಾಸು. ಕೆಲಸ ಮುಗಿದೊಡನೆ ಬಿಚ್ಚಿ, ಲಾರಿಗೆ ಹೇರಿ, ಮುಂದಿನ ಜಾಗಕ್ಕೆ ಒಯ್ಯುತ್ತಾರೆ. ಹುಬ್ಬಳ್ಳಿಗೆ ಏಪ್ರಿಲ್ ಎಂದರೆ ವರ್ಷದಲ್ಲೇ ಬಿಸಿಯ ತಿಂಗಳು. ಮಧ್ಯಾಹ್ನದ ಉಷ್ಣತೆ 37, 38 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಅದು ನೆರಳಿನಲ್ಲಿ ಅಳೆದ ಲೆಕ್ಕ. ಬಿಸಿಲಿಗೆ ಮೈಯೊಡ್ಡಿದ ತಗಡು ಅದಕ್ಕಿಂತ ಎಷ್ಟೋ ಹೆಚ್ಚು ಕಾಯ್ದಿರುತ್ತದೆ, ಮುಟ್ಟಿದರೆ ಕೈ ಸುಡುತ್ತದೆ. ಅದರ ಕೆಳಗೆ ಕೂತವರಿಗೆ ಬಿಸಿ ಎರಡು ಕಡೆಯಿಂದ ಬರುತ್ತದೆ: ಉಸಿರಾಡುವ ಗಾಳಿಯಿಂದ ಒಂದು, ನೆತ್ತಿಯ ಮೇಲಿನ ತಗಡು ಹೊರಸೂಸುವ ಝಳದಿಂದ ಇನ್ನೊಂದು.

ಇಂಥ ಶೆಡ್ಡಿನ ಬಾಗಿಲಿಗೆ ಗೋಣಿತಟ್ಟು ಇಳಿಬಿಟ್ಟು, ಆಗಾಗ ಅದಕ್ಕೆ ನೀರು ಚಿಮುಕಿಸುವುದು ಉತ್ತರ ಕರ್ನಾಟಕದಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಿಲ್ಲದ ವಿದ್ಯೆ. ತಟ್ಟನ್ನು ಹಾಯ್ದು ಬಂದ ಗಾಳಿ ತಣ್ಣಗಿರುತ್ತದೆ, ತೊಟ್ಟಿಲ ಕೂಸು ನಿದ್ದೆ ಹೋಗುತ್ತದೆ. ಆದರೆ ಮೃಗಶಿರಾ ಮಳೆ ಹಿಡಿದ ಮೇಲೆ, ಎರಡು ಮಳೆಯ ನಡುವೆ ಬಿಸಿಲು ಬಿದ್ದ ದಿನ, ಅದೇ ತಟ್ಟಿಗೆ ಅಷ್ಟೇ ನೀರು ಹಾಕಿ ನೋಡಿ. ತಂಪಾಗುವುದಿಲ್ಲ. ಮೈಯೆಲ್ಲ ಜಿಗಿಜಿಗಿ ಆಗಿ, ಇದ್ದ ಸೆಕೆ ಇನ್ನಷ್ಟು ಹೆಚ್ಚುತ್ತದೆ. “ಕೂಲರ್ ಹಚ್ಚಿದ್ರೂ ಕುದಿ ಹೋಗವಲ್ದು” ಎಂದು ಹುಬ್ಬಳ್ಳಿಯ ಮನೆಗಳಲ್ಲಿ ಆಗ ಕೇಳಿಬರುವ ಮಾತಿಗೂ ಕಾರಣ ಇದೇ. ಏಪ್ರಿಲ್‌ನಲ್ಲಿ ಕೈಹಿಡಿದ ನೀರು ಜೂನ್‌ನಲ್ಲಿ ಕೈಬಿಡುವುದೇಕೆ?

ಉತ್ತರ ಒಂದೇ ಸಲಕ್ಕೆ, ಒಬ್ಬರಿಗೇ ಸಿಕ್ಕಿದ್ದಲ್ಲ. ನೀರು ಆರುವಾಗ ತಂಪು ಹುಟ್ಟುತ್ತದೆ ಎಂಬುದು ಮನುಷ್ಯರಿಗೆ ಸಾವಿರಾರು ವರ್ಷಗಳಿಂದ ಗೊತ್ತು. ಏಕೆ ಹುಟ್ಟುತ್ತದೆ ಎಂಬುದು ಗೊತ್ತಾಗಿ ಮುನ್ನೂರು ವರ್ಷವೂ ಆಗಿಲ್ಲ. ಆ ತಂಪು ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದು ತಿಳಿದದ್ದು ಇನ್ನೂ ಈಚೆಗೆ. ಶೆಡ್ಡಿನಲ್ಲಿ ಬದುಕುವವರಿಗೆ ಅತಿ ಹೆಚ್ಚು ಬೇಕಾದದ್ದು ಈ ಕೊನೆಯ ತಿಳಿವಳಿಕೆ. ಅದೇ ಅವರವರೆಗೆ ಬಂದು ಮುಟ್ಟಿಲ್ಲ ಎಂಬುದು ನನ್ನ ಸಂಕಟ.

ನಮ್ಮ ಕಡೆ ತಾತ್ಕಾಲಿಕ ಸೂರಿನೊಳಗೆ ಈ ತಂಪನ್ನು ತಂದವರಲ್ಲಿ ಅರವಟ್ಟಿಗೆ ಕಟ್ಟಿದವರನ್ನು ಮೊದಲು ನೆನೆಯಬೇಕು. ದಾರಿ ಕೂಡುವ ಜಾಗದಲ್ಲಿ ನಾಲ್ಕು ಗಳ ನೆಟ್ಟು, ಮೇಲೆ ತೆಂಗಿನ ಗರಿಯನ್ನೋ ಜೋಳದ ಕಣಿಕೆಯನ್ನೋ ಹೊದಿಸಿ, ನೆಲಕ್ಕೆ ಉಸುಕು ಸುರಿದು ಅದರ ಮೇಲೆ ಮಣ್ಣಿನ ಹರವಿಗಳನ್ನು ಕೂರಿಸುತ್ತಾರೆ. ಹರವಿಯ ಮೈಗೆ ಒದ್ದೆ ಬಟ್ಟೆ, ಉಸುಕಿಗೂ ಆಗಾಗ ನೀರು. ಬೇಸಗೆ ಮುಗಿದ ಮೇಲೆ ಅಲ್ಲಿ ಏನೂ ಉಳಿಯುವುದಿಲ್ಲ. ಅರವಟ್ಟಿಗೆಗೆ ಭೂಮಿ ಬಿಟ್ಟ, ದತ್ತಿ ಕೊಟ್ಟ ಉಲ್ಲೇಖಗಳು ಕನ್ನಡ ಶಾಸನಗಳಲ್ಲಿವೆ. ಕೆರೆ ಕಟ್ಟಿಸುವಷ್ಟೇ ಪುಣ್ಯದ ಕೆಲಸ ಅದು. ನೆತ್ತಿಗೆ ದಪ್ಪನೆಯ ನೆರಳು, ಕಾಲ ಕೆಳಗೆ ಒದ್ದೆ, ನಾಲ್ಕೂ ಕಡೆಯಿಂದ ಗಾಳಿಗೆ ದಾರಿ. ಭೌತಶಾಸ್ತ್ರದ ಪುಸ್ತಕ ಮುಂದಿಟ್ಟುಕೊಂಡು ಕೂತರೂ ಇದಕ್ಕಿಂತ ಹೆಚ್ಚಿನದನ್ನು ಆ ಖರ್ಚಿನಲ್ಲಿ ಮಾಡಲಾಗದು.

ಅರಸರು ಇದನ್ನೇ ದೊಡ್ಡದಾಗಿ ಮಾಡಿಸಿಕೊಂಡರು. 11ನೇ ಶತಮಾನದ ಪರಮಾರ ದೊರೆ ಭೋಜನ ಹೆಸರಿನಲ್ಲಿರುವ ‘ಸಮರಾಂಗಣ ಸೂತ್ರಧಾರ’ದಲ್ಲಿ ನೀರು ಸುರಿಯುವ ಮನೆಗಳ ಬಗೆಗಳನ್ನು ವಿವರಿಸಲಾಗಿದೆ, ಧಾರಾಗೃಹ ಅವುಗಳಲ್ಲೊಂದು. ಅಂಥದ್ದನ್ನು ಕಣ್ಣಾರೆ ಕಾಣಬೇಕೆಂದರೆ ವಿಜಯಪುರದಿಂದ ಸಿಂದಗಿ ದಾರಿಯಲ್ಲಿರುವ ಕುಮಟಗಿಗೆ ಹೋಗಬೇಕು. ಆದಿಲ್ ಶಾಹಿ ಅರಸರ ಬೇಸಗೆಯ ಬಿಡಾರ ಅದು. ನೀರಿನ ನಡುವೆ ಎದ್ದು ನಿಂತ ಮಂಟಪ. ಎತ್ತರದ ಗೋಪುರಕ್ಕೆ ನೀರು ಏರಿಸಿ, ಗೋಡೆಯೊಳಗಿನ ಕೊಳವೆಗಳಲ್ಲಿ ಇಳಿಸಿ, ಚಾವಣಿಯಿಂದ ಸಣ್ಣ ಹನಿಗಳಾಗಿ ಉದುರುವಂತೆ ಮಾಡಿದ್ದರು. ವಿಜಯಪುರ ಸೀಮೆಯ ಒಣ ಬೇಸಗೆಯಲ್ಲಿ, ಕಮಾನುಗಳ ನಡುವೆ ಹಾಯುವ ಗಾಳಿಯೊಳಗೆ ಆ ಹನಿಗಳು ಉದುರುವುದನ್ನು ಕಲ್ಪಿಸಿಕೊಳ್ಳಿ. ಹನಿ ಸಣ್ಣದಾದಷ್ಟೂ ಗಾಳಿಗೆ ತಾಕುವ ನೀರಿನ ಮೈ ಹೆಚ್ಚುತ್ತದೆ, ಬೇಗ ಆವಿಯಾಗುತ್ತದೆ. ಅದನ್ನು ಅಲ್ಲಿಯ ಕುಶಲಿಗಳು ಲೆಕ್ಕದಿಂದಲ್ಲ, ಕೈಯಿಂದ ಕಲಿತಿದ್ದರು.

ಉತ್ತರದ ಮೊಗಲರು ಹಿಡಿದದ್ದು ಬೇರಿನ ದಾರಿ. ಅಬುಲ್ ಫಜಲ್ ತನ್ನ ‘ಐನ್-ಇ-ಅಕ್ಬರಿ’ಯಲ್ಲಿ, ಲಾವಂಚದ ಬೇರಿನ ತಡಿಕೆಗಳಿಂದ ಕೋಣೆ ಕಟ್ಟಿ ನೀರು ಚಿಮುಕಿಸಿ ತಂಪು ಮಾಡುವ ರೂಢಿಯನ್ನು ಅಕ್ಬರನೇ ಶುರುಮಾಡಿದನೆಂದು ಬರೆಯುತ್ತಾನೆ. ಆ ಕೋಣೆಯೂ ಒಂದು ತಾತ್ಕಾಲಿಕ ಸೂರೇ. ಮುಂದೆ ಬ್ರಿಟಿಷರು ತಮ್ಮ ಬಂಗಲೆಗಳ ಬಾಗಿಲಿಗೆ ಈ ಲಾವಂಚದ ತಟ್ಟಿಗಳನ್ನು ಕಟ್ಟಿಸಿದರು. ಅವಕ್ಕೆ ದಿನವಿಡೀ ನೀರೆರಚುವ ಕೆಲಸ ಆಳುಗಳದು. ಗಾಳಿ ಬೀಸದ ದಿನ ತಟ್ಟಿ ಕೆಲಸಕ್ಕೆ ಬಾರದು. ಅದಕ್ಕಾಗಿ 19ನೇ ಶತಮಾನದ ಮೊದಲ ಭಾಗದಲ್ಲಿ ಒಂದು ದೊಡ್ಡ ಮರದ ಪೆಟ್ಟಿಗೆ ಬಂತು. ಒಳಗೆ ಕೈಯಿಂದ ತಿರುಗಿಸುವ ಪಂಖದ ರೆಕ್ಕೆಗಳು, ಮಗ್ಗುಲುಗಳಿಗೆ ಲಾವಂಚದ ತಟ್ಟಿ, ಮೇಲಿನಿಂದ ನೀರು. ಥರ್ಮಾಂಟಿಡೋಟ್ ಎಂದು ಅದನ್ನು ಕರೆದರು. ಇಂದು ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಏಪ್ರಿಲ್‌ಗೆ ಸಾಲಾಗಿ ನಿಲ್ಲುವ ಕೂಲರುಗಳಿಗೂ ಆ ಪೆಟ್ಟಿಗೆಗೂ ಇರುವ ವ್ಯತ್ಯಾಸ ಇಷ್ಟೇ: ಕೈ ತಿರುಗಿಸುವವನ ಜಾಗಕ್ಕೆ ಮೋಟರು ಬಂದಿದೆ.

ಇಷ್ಟೆಲ್ಲ ಆದರೂ ಕಾರಣ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನೀರು ತಣ್ಣಗಿನ ವಸ್ತು, ಆದ್ದರಿಂದ ತಾಕಿದ್ದನ್ನು ತಣ್ಣಗಾಗಿಸುತ್ತದೆ ಎಂದೇ ಬಹಳ ಜನ ನಂಬಿದ್ದರು. ಈಗಲೂ ನಂಬುವವರು ಇದ್ದಾರೆ. ಕೂಲರಿನ ತೊಟ್ಟಿಗೆ ಬರ್ಫದ ಗಡ್ಡೆ ಹಾಕುವುದು ಆ ನಂಬಿಕೆಯಿಂದಲೇ.

ನಂಬಿಕೆ ಮುರಿದದ್ದು ಸ್ಕಾಟ್ಲೆಂಡಿನಲ್ಲಿ, ಒಬ್ಬ ವಿದ್ಯಾರ್ಥಿಯ ಕಣ್ಣಿನಿಂದ. ವಿಲಿಯಂ ಕಲೆನ್ ಅಲ್ಲಿ ವೈದ್ಯ ಮತ್ತು ರಸಾಯನ ಶಾಸ್ತ್ರದ ಪ್ರಾಧ್ಯಾಪಕ. ಬೇರೆಬೇರೆ ವಸ್ತುಗಳನ್ನು ಮದ್ಯಸಾರದಲ್ಲಿ ಕರಗಿಸಿದಾಗ ಬಿಸಿ ಹುಟ್ಟುತ್ತದೋ ತಂಪು ಹುಟ್ಟುತ್ತದೋ ನೋಡು ಎಂದು ಒಬ್ಬ ಶಿಷ್ಯನಿಗೆ ಹಚ್ಚಿದ್ದ. ಶಿಷ್ಯನಿಗೆ ಕಂಡದ್ದು ಕೇಳಿದ್ದಕ್ಕೆ ಸಂಬಂಧವೇ ಇಲ್ಲದ ಸಂಗತಿ. ಮದ್ಯಸಾರದ ಉಷ್ಣತೆಯೂ ಕೋಣೆಯ ಗಾಳಿಯ ಉಷ್ಣತೆಯೂ ಸರಿಸಮ ಇದೆ. ಹೀಗಿರುವಾಗ ಥರ್ಮಾಮೀಟರನ್ನು ಮದ್ಯಸಾರದಿಂದ ಎತ್ತಿ ಗಾಳಿಯಲ್ಲಿ ತೂಗುಬಿಟ್ಟರೆ ಪಾದರಸ ಏರಲೂಬಾರದು, ಇಳಿಯಲೂಬಾರದು. ಆದರೆ ಪ್ರತಿ ಸಲವೂ ಎರಡು ಮೂರು ಡಿಗ್ರಿ ಇಳಿಯುತ್ತಿತ್ತು. ತಣ್ಣಗಿನ ವಸ್ತು ಯಾವುದೂ ಅಲ್ಲಿಲ್ಲ, ಆದರೂ ತಂಪು ಹುಟ್ಟಿತು!

ಉಪಕರಣದ ದೋಷವೆಂದು ತಳ್ಳಿಹಾಕಬಹುದಾಗಿದ್ದ ಮಾತನ್ನು ಕಲೆನ್ ಹಿಡಿದುಕೊಂಡ. ಥರ್ಮಾಮೀಟರಿನ ಬುರುಡೆಗೆ ಅಂಟಿದ ಹನಿ ಆರುತ್ತಿರುವುದೇ ಕಾರಣವಿರಬಹುದೆಂದು ಒಂದೊಂದೇ ದ್ರವವನ್ನು ತೆಗೆದುಕೊಂಡು ಪರೀಕ್ಷಿಸಿದ. ಬೇಗ ಆರುವ ದ್ರವ ಹೆಚ್ಚು ತಂಪು ಕೊಟ್ಟಿತು, ನಿಧಾನ ಆರುವುದು ಕಡಿಮೆ ಕೊಟ್ಟಿತು. ಬುರುಡೆಯನ್ನು ಮತ್ತೆಮತ್ತೆ ಒದ್ದೆ ಮಾಡಿ ಗಾಳಿ ಊದಿದರೆ ಪಾದರಸ ಇನ್ನೂ ಇಳಿಯಿತು. ಕೊನೆಗೆ ಈಥರ್ ಜಾತಿಯ ದ್ರವವೊಂದರ ಪಾತ್ರೆಯನ್ನು ನೀರಿನ ಪಾತ್ರೆಯೊಳಗೆ ಇಟ್ಟು, ಎರಡನ್ನೂ ಗಾಜಿನ ಗಂಟೆಯ ಕೆಳಗೆ ಮುಚ್ಚಿ, ಪಂಪಿನಿಂದ ಗಾಳಿ ಹೀರಿ ತೆಗೆದ. ಈಥರ್ ರಭಸದಿಂದ ಆವಿಯಾಯಿತು. ಸುತ್ತಲಿನ ನೀರು ಹೆಪ್ಪುಗಟ್ಟಿ ಬರ್ಫವಾಯಿತು. 1756ರಲ್ಲಿ ಎಡಿನ್‌ಬರೊದಲ್ಲಿ ಪ್ರಕಟವಾದ ಅವನ ಪ್ರಬಂಧ ಈ ವಿಷಯದ ಮೊದಲ ವೈಜ್ಞಾನಿಕ ಬರಹಗಳಲ್ಲೊಂದು. ಫ್ರಿಜ್ಜಿನ ಇತಿಹಾಸವೂ ಅಲ್ಲಿಂದಲೇ ಹೊರಡುತ್ತದೆ.

ಎರಡು ವರ್ಷದ ಮೇಲೆ, 1758ರಲ್ಲಿ, ಬೆಂಜಮಿನ್ ಫ್ರಾಂಕ್ಲಿನ್ ಕೇಂಬ್ರಿಜ್‌ನಲ್ಲಿ ರಸಾಯನ ಶಾಸ್ತ್ರದ ಜಾನ್ ಹ್ಯಾಡ್ಲಿಯ ಜೊತೆ ಕೂತು ಇದನ್ನೇ ಮಾಡಿ ನೋಡಿದ. ಬೇಸಗೆಯ ದಿನ, ಕೋಣೆ 18 ಡಿಗ್ರಿ ಇತ್ತು. ಥರ್ಮಾಮೀಟರಿನ ಬುರುಡೆಗೆ ಈಥರ್ ಸವರುವುದು, ತಿದಿಯಿಂದ ಗಾಳಿ ಊದುವುದು, ಮತ್ತೆ ಸವರುವುದು. ಪಾದರಸ ಸೊನ್ನೆಗಿಂತ ಕೆಳಗೆ ಸುಮಾರು 14 ಡಿಗ್ರಿಗೆ ಇಳಿದು, ಬುರುಡೆಯ ಸುತ್ತ ಕಾಲಿಂಚು ದಪ್ಪ ಬರ್ಫ ಕಟ್ಟಿತು. ಆ ವರ್ಷ ಜೂನ್ 17ರಂದು ಅವನು ಚಾರ್ಲ್ಸ್‌ಟನ್ನಿನ ವೈದ್ಯ ಜಾನ್ ಲೈನಿಂಗ್‌ಗೆ ಬರೆದ ಪತ್ರದಲ್ಲಿ ಈ ಪ್ರಯೋಗದ ವಿವರವಿದೆ.

ಅದಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಅದೇ ಪತ್ರದ ಇನ್ನೊಂದು ಭಾಗ. 1750ರ ಜೂನ್‌ನ ಒಂದು ಭಾನುವಾರ ಫಿಲಡೆಲ್ಫಿಯಾದಲ್ಲಿ ನೆರಳಲ್ಲೇ 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಹತ್ತಿರಹತ್ತಿರ 38 ಸೆಲ್ಸಿಯಸ್ ಇತ್ತು. ತಾರಿಹಾಳದ ಏಪ್ರಿಲ್ ಮಧ್ಯಾಹ್ನದ ಬಿಸಿಯೇ ಅದು. ಫ್ರಾಂಕ್ಲಿನ್ ತೆಳುವಾದ ಅಂಗಿ ಚಲ್ಲಣ ತೊಟ್ಟು ಮನೆಯಲ್ಲಿ ಓದುತ್ತ ಬರೆಯುತ್ತ ಕೂತಿದ್ದ. ಬೆವರಿನಿಂದ ಅಂಗಿ ತೊಯ್ದಿತ್ತು. ಆದರೂ ಅವನ ಮೈ ಹೊರಗಿನ ಗಾಳಿಯಷ್ಟು ಬಿಸಿಯಾಗಲಿಲ್ಲ. ಬೆವರು ಆರುತ್ತಿದ್ದದ್ದೇ ಅದಕ್ಕೆ ಕಾರಣವೆಂದು ಅವನು ಸರಿಯಾಗಿಯೇ ಊಹಿಸಿದ. ಆ ವಿವರದ ನಡುವೆ ಒಂದು ಮಾತು ಸೇರಿಸಿದ್ದಾನೆ: ಕಿಟಕಿಗಳೆಲ್ಲ ತೆರೆದಿದ್ದವು, ಮನೆಯೊಳಗಿಂದ ಗಾಳಿ ಜೋರಾಗಿ ಹಾಯುತ್ತಿತ್ತು. ಈ ಒಂದು ಮಾತಿನ ಬೆಲೆ ಏನೆಂಬುದು ಪತ್ರದ ಉಳಿದೆಲ್ಲ ಪ್ರಯೋಗಗಳಿಗಿಂತ ತಗಡಿನ ಶೆಡ್ಡಿನವರಿಗೆ ಹೆಚ್ಚು ಅರ್ಥವಾದೀತು.

ತಂಪು ಹುಟ್ಟುತ್ತದೆ ಸರಿ, ಇದ್ದ ಬಿಸಿ ಎಲ್ಲಿಗೆ ಹೋಯಿತು? ಇದನ್ನು ಅಳೆದವನು ಕಲೆನ್‌ನ ಶಿಷ್ಯ ಜೋಸೆಫ್ ಬ್ಲ್ಯಾಕ್. 1762ರ ಸುಮಾರಿಗೆ ಗ್ಲಾಸ್ಗೊದಲ್ಲಿ ಅವನು ಮಾಡಿದ ಪ್ರಯೋಗ ಎಷ್ಟು ಸರಳವೆಂದರೆ ಯಾವ ಅಡುಗೆಮನೆಯಲ್ಲೂ ಮಾಡಬಹುದು. ಚಪ್ಪಟೆ ತಳದ ತಗಡಿನ ಪಾತ್ರೆಗೆ 10 ಡಿಗ್ರಿಯ ಸ್ವಲ್ಪ ನೀರು ಹಾಕಿ, ಕೆಂಪಗೆ ಕಾದ ಕಬ್ಬಿಣದ ಹಾಸಿನ ಮೇಲಿಟ್ಟು, ಗಡಿಯಾರ ಹಿಡಿದು ನಿಂತ. ಸುಮಾರು ನಾಲ್ಕು ನಿಮಿಷಕ್ಕೆ ನೀರು ಕುದಿಯತೊಡಗಿತು. ಪೂರ್ತಿ ಆರಿಹೋಗಲು ಇನ್ನೂ ಇಪ್ಪತ್ತು ನಿಮಿಷ ಹಿಡಿಯಿತು. ಕೆಳಗಿನ ಉರಿ ಒಂದೇ ಸಮ ಇತ್ತು. ಆದರೂ ಆ ಇಪ್ಪತ್ತು ನಿಮಿಷ ನೀರಿನ ಉಷ್ಣತೆ 100 ಡಿಗ್ರಿಯಿಂದ ಒಂದಿಷ್ಟೂ ಮೇಲೇರಲಿಲ್ಲ. ಹಾಗಾದರೆ ನಾಲ್ಕು ನಿಮಿಷದ ಐದು ಪಟ್ಟು ಶಾಖ ಎಲ್ಲಿ ಹೋಯಿತು? ನೀರನ್ನು ಆವಿ ಮಾಡುವುದರಲ್ಲಿ ಹೋಯಿತು, ಆವಿಯ ಜೊತೆಯಲ್ಲೇ ಅಡಗಿದೆ ಎಂದ ಬ್ಲ್ಯಾಕ್. ಗುಪ್ತೋಷ್ಣ ಎಂದು ನಾವು ಶಾಲೆಯಲ್ಲಿ ಓದುವುದು ಇದನ್ನೇ. ಅವನ ಲೆಕ್ಕದಂತೆ ಒಂದು ಗ್ರಾಂ ನೀರಿಗೆ 450 ಕ್ಯಾಲೊರಿ. ಇಂದಿನ ನಿಖರ ಅಳತೆ 540. ತಗಡಿನ ಪಾತ್ರೆ ಮತ್ತು ಗಡಿಯಾರ ಇಟ್ಟುಕೊಂಡು ಅಷ್ಟು ಹತ್ತಿರ ಬಂದದ್ದು ನನಗೆ ಇಂದಿಗೂ ಬೆರಗು. ಕುದಿಯದೆ, 30 ಡಿಗ್ರಿಯಲ್ಲಿ ಸುಮ್ಮನೆ ಆರುವ ನೀರಿಗೆ ಇನ್ನೂ ಹೆಚ್ಚು ಬೇಕು, ಸುಮಾರು 580.

ಬರ್ಫದ ಗಡ್ಡೆಯ ಮಾತು ಇಲ್ಲಿ ಇತ್ಯರ್ಥವಾಗುತ್ತದೆ. ಒಂದು ಕಿಲೊ ಬರ್ಫ ಕರಗಲು 80 ಕಿಲೊಕ್ಯಾಲೊರಿ ಹೀರುತ್ತದೆ. ಒಂದು ಲೀಟರ್ ನೀರು ಆರಲು ಅದರ ಏಳು ಪಟ್ಟು ಹೀರುತ್ತದೆ. ಬರ್ಫಕ್ಕೆ ಕೊಡುವ ದುಡ್ಡು ಹೆಚ್ಚುಕಡಿಮೆ ದಂಡ. ಗೋಣಿತಟ್ಟಿಗೆ ಬಿಸಿ ನೀರು ಹಾಕಿದರೂ ಸ್ವಲ್ಪ ಹೊತ್ತಿನಲ್ಲಿ ಅದು ತಂಪನ್ನೇ ಕೊಡುತ್ತದೆ.

ಶೆಡ್ಡಿನ ಲೆಕ್ಕವನ್ನೂ ಮಾಡಬಹುದು. ಒಂದು ಲೀಟರ್ ನೀರು ಪೂರ್ತಿ ಆರಿದರೆ ಸುಮಾರು 200 ಘನ ಮೀಟರ್ ಗಾಳಿಯನ್ನು 10 ಡಿಗ್ರಿ ಇಳಿಸಬಲ್ಲದು. ನಮ್ಮ ಹತ್ತಡಿ ಚೌಕದ ಶೆಡ್ಡಿನಲ್ಲಿ ಹಿಡಿಯುವ ಗಾಳಿ 23 ಘನ ಮೀಟರಿಗಿಂತ ಕಡಿಮೆ. ಆ ಗಾಳಿ ಗಂಟೆಗೆ 40 ಸಲ ಬದಲಾಗುವಂತೆ ಫ್ಯಾನ್ ಇಟ್ಟರೆ ಗಂಟೆಗೆ ನಾಲ್ಕೂವರೆ ಲೀಟರ್ ಬೇಕು. ಬೆಳಿಗ್ಗೆ 11ರಿಂದ ಸಂಜೆ 5ರವರೆಗೆ ನಡೆಸಿದರೆ 27 ಲೀಟರ್, ಅಂದರೆ ಹತ್ತಿರಹತ್ತಿರ ಎರಡು ಕೊಡ. ಹಲವು ದಿನಕ್ಕೊಮ್ಮೆ ನಲ್ಲಿ ಬರುವ ಹುಬ್ಬಳ್ಳಿಯಲ್ಲಿ ಎರಡು ಕೊಡ ನೀರು ಸಣ್ಣ ಮಾತಲ್ಲ, ಒಪ್ಪುತ್ತೇನೆ. ಆದರೆ ಕುಡಿಯುವ ನೀರೇ ಆಗಬೇಕೆಂದಿಲ್ಲ. ಸೈಟಿನಲ್ಲಿ ಕಾಂಕ್ರೀಟಿಗೆ ನೀರುಣಿಸಲು ಬಳಸುವ ನೀರಿಗೆ ಹೋಲಿಸಿದರೆ ಇದು ಲೆಕ್ಕಕ್ಕೇ ಇಲ್ಲ.

ಇಲ್ಲಿಗೆ ಕಾರಣ ಸಿಕ್ಕಿತು, ಅಳತೆ ಸಿಕ್ಕಿತು. ಜೂನ್‌ನ ಪ್ರಶ್ನೆ ಉಳಿದೇ ಇದೆ. ಅದಕ್ಕೆ ಉತ್ತರ ಬಂದದ್ದು ಹವೆಯಲ್ಲಿರುವ ತೇವವನ್ನು ಅಳೆಯಲು ಹೊರಟವರಿಂದ. 19ನೇ ಶತಮಾನದ ಮೊದಲ ಭಾಗದಲ್ಲಿ ಜರ್ಮನಿಯ ಅರ್ನ್ಸ್ಟ್ ಫರ್ಡಿನಾಂಡ್ ಆಗಸ್ಟ್ ಎಂಬ ಭೌತವಿಜ್ಞಾನಿ ಎರಡು ಥರ್ಮಾಮೀಟರುಗಳನ್ನು ಮಗ್ಗುಲಿಗೆ ಮಗ್ಗುಲು ಇಟ್ಟು ಒಂದು ಉಪಕರಣ ರೂಪಿಸಿದ. ಒಂದರ ಬುರುಡೆ ಒಣ, ಇನ್ನೊಂದರದ್ದಕ್ಕೆ ಒದ್ದೆ ಬಟ್ಟೆ. ಕಲೆನ್‌ನ ಶಿಷ್ಯ ಕಂಡದ್ದೇ ಇಲ್ಲೂ ಆಗುತ್ತದೆ: ಒದ್ದೆ ಬುರುಡೆಯ ಪಾದರಸ ಇಳಿಯುತ್ತದೆ. ಇಳಿಯುತ್ತ ಇಳಿಯುತ್ತ ಒಂದು ಗೆರೆಯಲ್ಲಿ ನಿಂತುಬಿಡುತ್ತದೆ. ಇನ್ನೆಷ್ಟೇ ಗಾಳಿ ಹಾಕಿ, ಎಷ್ಟೇ ನೀರು ಸುರಿಯಿರಿ, ಕೆಳಗೆ ಹೋಗದು. ಗಾಳಿ ಒಣಗಿದ್ದರೆ ಆ ಗೆರೆ ಬಹಳ ಕೆಳಗೆ, ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಸ್ವಲ್ಪವೇ ಕೆಳಗೆ. ಗಾಳಿ ಇನ್ನು ಹನಿಯಷ್ಟೂ ಹಿಡಿಸದಷ್ಟು ತುಂಬಿಕೊಂಡಿದ್ದರೆ ಎರಡೂ ಥರ್ಮಾಮೀಟರುಗಳು ಒಂದೇ ಅಂಕೆ ತೋರಿಸುತ್ತವೆ. ಅಂದು ಗೋಣಿತಟ್ಟು ಬರೀ ಒದ್ದೆ ಬಟ್ಟೆ.

ಏಪ್ರಿಲ್‌ನಲ್ಲಿ ಗಾಳಿ 37 ಡಿಗ್ರಿ, ತೇವಾಂಶ ಶೇಕಡ 25 ಇರುವ ಮಧ್ಯಾಹ್ನವನ್ನು ತೆಗೆದುಕೊಳ್ಳಿ. ಒದ್ದೆ ಬುರುಡೆ 22ರ ಸುಮಾರಿಗೆ ನಿಲ್ಲುತ್ತದೆ. ನಡುವಿನ ಅಂತರ 15 ಡಿಗ್ರಿ. ಹದವಾದ ಕೂಲರ್ ಈ ಅಂತರದ ಶೇಕಡ 70ರಷ್ಟನ್ನು ಗೆದ್ದುಕೊಡುತ್ತದೆ ಎಂದರೆ ಒಳಗೆ ಬರುವ ಗಾಳಿ 27 ಡಿಗ್ರಿಯ ಒಳಗೇ ಇರುತ್ತದೆ. ಜೂನ್‌ನಲ್ಲಿ ಗಾಳಿ 30 ಡಿಗ್ರಿ, ತೇವಾಂಶ ಶೇಕಡ 75 ಎಂದುಕೊಳ್ಳಿ. ಒದ್ದೆ ಬುರುಡೆ 26ರಲ್ಲೇ ನಿಂತಿತು. ಗೆಲ್ಲಬಹುದಾದದ್ದು ಮೂರು ಡಿಗ್ರಿ ಇದ್ದೀತು, ಅದಕ್ಕೆ ಬದಲಾಗಿ ಗಾಳಿಗೆ ಇನ್ನಷ್ಟು ತೇವ ಸೇರಿಸಿ ಮೈಯ ಬೆವರು ಆರುವುದಕ್ಕೇ ಅಡ್ಡಿ ಮಾಡಿದಂತಾಯಿತು. ತಟ್ಟಿನಲ್ಲೂ ದೋಷವಿಲ್ಲ, ನೀರಿನಲ್ಲೂ ಇಲ್ಲ. ಗಾಳಿಗೆ ಹಸಿವಿಲ್ಲ, ಅಷ್ಟೇ. ಮನುಷ್ಯನ ಮೈಗೂ ಇದೇ ನಿಯಮ. ಒದ್ದೆ ಬುರುಡೆಯ ಉಷ್ಣತೆ 35 ಡಿಗ್ರಿ ದಾಟಿದರೆ ನೆರಳಲ್ಲಿ ಸುಮ್ಮನೆ ಕೂತ ಆರೋಗ್ಯವಂತನ ದೇಹವೂ ತನ್ನ ಬಿಸಿಯನ್ನು ಹೊರಹಾಕಲಾರದು ಎಂದು ಸ್ಟೀವನ್ ಶೆರ್ವುಡ್ ಮತ್ತು ಮ್ಯಾಥ್ಯೂ ಹ್ಯೂಬರ್ 2010ರ ಪ್ರಬಂಧದಲ್ಲಿ ತೋರಿಸಿದರು. ದುಡಿಯುವ ಮೈ ಅದಕ್ಕಿಂತ ಎಷ್ಟೋ ಮೊದಲೇ ಸೋಲುತ್ತದೆ.

ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ 1930ರ ದಶಕದಲ್ಲಿ ಜನ ಮರದ ಚೌಕಟ್ಟು, ಮರದ ಸಿಂಬೆಸಿಪ್ಪೆಯ ಪದರ, ಒಂದು ಫ್ಯಾನ್ ಇಷ್ಟರಿಂದಲೇ ಮನೆಯಲ್ಲೇ ಕೂಲರ್ ಮಾಡಿಕೊಳ್ಳತೊಡಗಿದರು. ಅರಿಜೋನಾ ವಿಶ್ವವಿದ್ಯಾಲಯದ ಮಾರ್ಟಿನ್ ಥಾರ್ನ್‌ಬರ್ಗ್ ಅಂಥವನ್ನು ಅಳೆದು ನೋಡಿ, ಯಾರು ಬೇಕಾದರೂ ಮಾಡಿಕೊಳ್ಳಲು ಬರುವಂತೆ ಸೂಚನೆಗಳನ್ನು ಬರೆದು ಹಂಚಿದರು. ನಮ್ಮಲ್ಲಿ ಆ ಬಗೆಯ ಕೆಲಸ ತರಕಾರಿಗಾಗಿ ನಡೆಯಿತು. 1980ರ ದಶಕದಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಎಸ್. ಕೆ. ರಾಯ್ ಮತ್ತು ಡಿ. ಎಸ್. ಖುರ್ದಿಯಾ ಎರಡು ಸಾಲು ಇಟ್ಟಿಗೆ ಗೋಡೆ, ನಡುವೆ ಒದ್ದೆ ಮರಳು ಇರುವ ಶೂನ್ಯಶಕ್ತಿಯ ಶೀತಕೋಣೆ ರೂಪಿಸಿದರು. ಟೊಮ್ಯಾಟೊಗೆ ಸಿಕ್ಕ ಗಮನ ಟೊಮ್ಯಾಟೊ ಬೆಳೆದವರು, ಸೈಟಿನಲ್ಲಿ ಇಟ್ಟಿಗೆ ಹೊತ್ತವರು ಮಲಗುವ ಜಾಗಕ್ಕೆ ಸಿಗಲಿಲ್ಲ.

ಕರ್ನಾಟಕದಲ್ಲಿ ಈ ವಿದ್ಯೆಯನ್ನು ಅತ್ಯಂತ ಶ್ರದ್ಧೆಯಿಂದ ಬಳಸುವುದು ರೇಷ್ಮೆ ಹುಳು ಸಾಕುವ ಮನೆಗಳಲ್ಲಿ. ಹುಳುವಿಗೆ 24ರಿಂದ 28 ಡಿಗ್ರಿ ಬೇಕು, ತೇವವೂ ಹದದಲ್ಲಿರಬೇಕು; ಹೆಚ್ಚಾದರೆ ರೋಗ, ಕಡಿಮೆಯಾದರೆ ಸೊಪ್ಪು ಬಾಡುತ್ತದೆ. ಆದ್ದರಿಂದ ಸಾಕಣೆದಾರರು ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟುತ್ತಾರೆ, ಗೋಡೆಗೆ ಒಣ ಬುರುಡೆ ಒದ್ದೆ ಬುರುಡೆ ಎರಡೂ ಇರುವ ಥರ್ಮಾಮೀಟರ್ ತೂಗುಹಾಕುತ್ತಾರೆ. ಎರಡರ ಅಂತರ ನೋಡಿ ಇವತ್ತು ಚೀಲ ಒದ್ದೆ ಮಾಡಬೇಕೋ, ಬಿಚ್ಚಿ ಗಾಳಿಯಾಡಲು ಬಿಡಬೇಕೋ ತೀರ್ಮಾನಿಸುತ್ತಾರೆ. ಅರ್ನ್ಸ್ಟ್ ಆಗಸ್ಟ್ ರೂಪಿಸಿದ ಉಪಕರಣವನ್ನು ಬದುಕಿಗೆ ಹಚ್ಚಿಕೊಂಡವರು ಇವರು. ಹುಳುವಿನ ಮನೆಯ ಗೋಡೆಯಲ್ಲಿರುವ ಈ ಸಣ್ಣ ಹಲಗೆ ಕಾರ್ಮಿಕರ ಶೆಡ್ಡಿನ ಸಾಲಿನಲ್ಲಿ ಒಂದಾದರೂ ಇರಬೇಕೆಂದು ನಾನು ಒತ್ತಿ ಹೇಳುತ್ತೇನೆ. ದೊಡ್ಡ ಬೆಲೆಯ ವಸ್ತುವೂ ಅಲ್ಲ ಅದು. ಅಂತರ ಹತ್ತು ಡಿಗ್ರಿ ಇದ್ದರೆ ನೀರು ಹಾಕು, ನಾಲ್ಕೇ ಇದ್ದರೆ ಬರೀ ಫ್ಯಾನ್ ಸಾಕು. ಇಷ್ಟನ್ನು ಓದು ಬಾರದವರೂ ಓದಬಲ್ಲರು.

ಇದನ್ನೆಲ್ಲ ಬೆನ್ನಿಗಿಟ್ಟುಕೊಂಡು ತಾರಿಹಾಳದ ಶೆಡ್ಡಿಗೆ ಬಂದರೆ ಮೊದಲು ಕೈಹಾಕಬೇಕಾದದ್ದು ಬಾಗಿಲಿಗಲ್ಲ, ಮಾಡಿಗೆ. ಕಾದ ತಗಡಿನ ಝಳ ಗಾಳಿಯನ್ನು ನೆಚ್ಚಿ ಬರುವುದಲ್ಲ, ನೇರವಾಗಿ ಮೈಗೆ ಬಡಿಯುತ್ತದೆ. ಕೂಲರ್ ಎಷ್ಟೇ ತಣ್ಣನೆಯ ಗಾಳಿ ಊದಿದರೂ ಅದು ನಿಲ್ಲದು. ತಗಡಿಗೆ ದಪ್ಪನಾಗಿ ಸುಣ್ಣ ಬಳಿದರೆ ಬಿಸಿಲಿನ ದೊಡ್ಡ ಪಾಲು ತಿರುಗಿ ಹೋಗುತ್ತದೆ. ಅದರ ಮೇಲೆ ಗೇಣುದ್ದ ಸಂದು ಬಿಟ್ಟು ನೆರಳುಬಲೆ ಕಟ್ಟಿದರೆ ಇನ್ನೂ ಒಳ್ಳೆಯದು. ಅರವಟ್ಟಿಗೆಯ ಕಣಿಕೆ ಹೊದಿಕೆ ಎಲ್ಲಕ್ಕಿಂತ ತಂಪು, ಆದರೆ ಒಲೆ ಉರಿಯುವ ಶೆಡ್ಡುಗಳ ಸಾಲಿನಲ್ಲಿ ಒಣ ಕಣಿಕೆಯ ಹತ್ತಿರ ಹೋಗಲೇಬಾರದು. ನೀರು ಸಾಕಷ್ಟಿದ್ದರೆ ಮಾಡಿನ ಮೇಲೆ ಗೋಣಿ ಹಾಸಿ ಒದ್ದೆ ಇಡುವುದು ಬಲು ದೊಡ್ಡ ಉಪಾಯ. ಆ ಆವಿ ಆಕಾಶಕ್ಕೇ ಹೋಗುತ್ತದೆ, ಒಳಗೆ ತೇವ ಸೇರುವುದೇ ಇಲ್ಲ. ಜೂನ್‌ನ ಬಿಸಿಲಿಗೂ ಒಂದಿಷ್ಟು ಕೆಲಸ ಕೊಡುವುದು ಈ ದಾರಿಯೇ.

ಆಮೇಲೆ ಕೂಲರ್. ನಾನು ಕಂಡ ಕಡೆಯೆಲ್ಲ ಅದನ್ನು ಶೆಡ್ಡಿನ ಒಳಗೇ ಇಟ್ಟಿರುತ್ತಾರೆ, ಬಾಗಿಲು ಹಾಕಿರುತ್ತಾರೆ. ಏಸಿ ಇರುವ ಕೋಣೆಯ ಬಾಗಿಲು ಹಾಕಬೇಕೆಂದು ಕೇಳಿ ಕಲಿತದ್ದನ್ನೇ ಇಲ್ಲಿಗೂ ತಂದಿದ್ದಾರೆ. ಕೂಲರ್ ಒಳಗಿನ ಗಾಳಿಯನ್ನೇ ಮತ್ತೆಮತ್ತೆ ಒದ್ದೆ ಮಾಡಿದರೆ ಅರ್ಧ ತಾಸಿನೊಳಗೆ ಏಪ್ರಿಲ್‌ನಲ್ಲೇ ಜೂನ್ ತಂದಂತೆ. ಬ್ಲ್ಯಾಕ್ ಕಂಡ ಆ ಅಡಗಿದ ಶಾಖ ಆವಿಯ ಜೊತೆ ಹೊರಗೆ ಹೋಗಲೇಬೇಕು, ಹೋಗಲು ದಾರಿ ಇರಬೇಕು. ಆದ್ದರಿಂದ ಕೂಲರ್ ಇರಬೇಕಾದದ್ದು ಶೆಡ್ಡಿನ ಹೊರಗೆ, ನೆರಳಲ್ಲಿ, ಕಿಟಕಿಗೆ ಬಾಯಿ ಹಚ್ಚಿ. ಎದುರು ಗೋಡೆಯಲ್ಲಿ, ಮಾಡಿಗೆ ಹತ್ತಿರವಾಗಿ, ಒಂದು ತಗಡನ್ನು ಅರ್ಧ ಬಿಚ್ಚಿಡಬೇಕು. ಕಾದ ಗಾಳಿ ಮೇಲೆ ಸೇರುತ್ತದೆ, ಮೊದಲು ಅದೇ ಹೊರಹೋಗುತ್ತದೆ. ತಗಡಿನ ಶೆಡ್ಡಿಗೆ ಇದೊಂದು ಅನುಕೂಲವಿದೆ: ನಾಲ್ಕು ಬೋಲ್ಟು ಸಡಿಲಿಸಿದರೆ ಗೋಡೆ ತೆರೆಯುತ್ತದೆ. ನೋಯ್ಡಾದ ಡೆಕಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಆಂಟ್ ಸ್ಟುಡಿಯೊದ ವಾಸ್ತುಶಿಲ್ಪಿಗಳು, ಡೀಸೆಲ್ ಜನರೇಟರಿನ ಬಿಸಿ ಗಾಳಿ ಕೆಲಸಗಾರರ ಮುಖಕ್ಕೆ ಬಡಿಯುವುದನ್ನು ತಪ್ಪಿಸಲು ಸುಟ್ಟ ಮಣ್ಣಿನ ಕೊಳವೆಗಳನ್ನು ಗೂಡಿನಂತೆ ಜೋಡಿಸಿ ನೀರು ಹರಿಸಿದರು. ಅಲ್ಲಿಯೂ ಕೆಲಸ ಮಾಡಿದ್ದು ಬಯಲಿನಲ್ಲಿ ಹಾಯುವ ಗಾಳಿ.

ಇನ್ನೆರಡು ಮಾತು ಈ ನೆಲಕ್ಕೇ ಸೇರಿದವು. ಇಲ್ಲಿಯ ಎರೆಭೂಮಿಯ ಬೋರಿನ ನೀರು ಗಡಸು. ನೀರು ಆರಿ ಹೋದರೂ ಅದರ ಉಪ್ಪು ಪ್ಯಾಡಿನಲ್ಲಿ ಉಳಿದು, ಬೆಳ್ಳಗೆ ಹೆಪ್ಪಳಿಕೆ ಕಟ್ಟಿ, ಗಾಳಿಗೆ ದಾರಿ ಮುಚ್ಚುತ್ತದೆ. ತೊಟ್ಟಿಯ ನೀರನ್ನು ಪೂರ್ತಿ ಆರುವವರೆಗೆ ಬಳಸದೆ ಆಗಾಗ ಚೆಲ್ಲಿ ಹೊಸದು ತುಂಬಬೇಕು. ವಾರಕ್ಕೊಮ್ಮೆ ತೊಟ್ಟಿ ಬರಿದು ಮಾಡಿ, ಉಜ್ಜಿ, ಒಣಗಿಸಬೇಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಬೆಳೆಯಲು ಅದಕ್ಕೆ ಬೇಕಾದದ್ದು ಒಂದು ವಾರ ಹತ್ತು ದಿನದ ನಿಂತ ನೀರು.

ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಆದ ಕೇಂದ್ರ ಕಾಯ್ದೆಯ 34ನೇ ಕಲಮು, ಕೆಲಸ ನಡೆಯುವಷ್ಟು ಕಾಲ ಅವರಿಗೆ ತಾತ್ಕಾಲಿಕ ವಸತಿಯನ್ನು ಮಾಲೀಕನೇ ಬಿಟ್ಟಿಯಾಗಿ ಕೊಡಬೇಕೆಂದು ಹೇಳಿತು. ಅಡುಗೆಗೆ, ಸ್ನಾನಕ್ಕೆ, ಬಟ್ಟೆ ತೊಳೆಯಲು, ಶೌಚಕ್ಕೆ ಪ್ರತ್ಯೇಕ ಜಾಗವಿರಬೇಕೆಂದೂ ಹೇಳಿತು. ಬಿಸಿಯ ಮಾತು ಆ ಕಲಮಿನಲ್ಲಿರಲಿಲ್ಲ. ಒಂದು ಡಬ್ಬಿ ಸುಣ್ಣ, ಒಂದು ಸುರುಳಿ ನೆರಳುಬಲೆ, ಕಿಟಕಿಯ ಹೊರಗೊಂದು ಕೂಲರ್, ಎದುರು ಗೋಡೆಯಲ್ಲೊಂದು ಬಿಚ್ಚಿದ ತಗಡು. ತಾರಿಹಾಳದಲ್ಲಿ ಕಾರ್ಖಾನೆ ಕಟ್ಟಿಸುವ ಯಾರಿಗೂ ಇದು ಭಾರವಲ್ಲ. ಕಾಯ್ದೆ ಕೇಳಲಿ ಬಿಡಲಿ, ಗುತ್ತಿಗೆದಾರರು ಶೆಡ್ಡು ಎಬ್ಬಿಸುವ ದಿನವೇ ಇದನ್ನೂ ಮಾಡಿಬಿಡಬಹುದು. ಯುಗಾದಿ ದಾಟಿ ಬಿಸಿಲು ಏರಿದ ಮೇಲೆ ತಗಡಿನ ಮೇಲೆ ಹತ್ತಿ ಸುಣ್ಣ ಬಳಿಯಲು ಯಾರಿಂದಲೂ ಆಗುವುದಿಲ್ಲ.